ದಾವಲಬಿ ಹೇಳಿದ ಹಕ್ಕಿ

ಮಾಳಮಡ್ಡಿಯ ದಾವಲಬಿಗೆ ಐವತ್ತು ದಾಟುವ ತನಕ ಕೆಲಸವಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟ ನೆನಪಿರಲಿಲ್ಲ. ಸಂತೆಗೆ ಹೋಗಿದ್ದಳು, ದವಾಖಾನೆಗೆ ಹೋಗಿದ್ದಳು, ಮದುವೆ-ಮಯ್ಯತ್ತಿಗೆ ಹೋಗಿದ್ದಳು, ದಾರ, ಹುಕ್ಕು, ಲೈನಿಂಗ್ ಬಟ್ಟೆ ತರಲು ಸುಭಾಷ ರಸ್ತೆಗೆ ಹೋಗಿದ್ದಳು. ಹೋದ ಕೆಲಸ ಮುಗಿದೊಡನೆ ಹೊಳ್ಳಿ ಬಂದಿದ್ದಳು. ಬೆಳಿಗ್ಗೆ ಬೂಟು ಹಾಕಿಕೊಂಡು ಕೈ ಬೀಸುತ್ತ ಹೋಗುವವರನ್ನು ಕಂಡರೆ, ಪಾಪ, ಇವರಿಗೆಲ್ಲ ಸಕ್ಕರೆ ಕಾಯಿಲೆ ಇರಬೇಕು ಎಂದುಕೊಳ್ಳುತ್ತಿದ್ದಳು.

ಅವಳದು ಬ್ಲೌಸ್ ಹೊಲಿಯುವ ಕೆಲಸ. ಗಂಡ ಮೆಹಬೂಬ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಂಗಡಿಯನ್ನು ಮಗ ಸುಫಿಯಾನ ನೋಡಿಕೊಳ್ಳತೊಡಗಿದ. ದಾವಲಬಿ ಇದ್ದತ್‌ಗೆ ಕೂತಳು. ಗಂಡ ಸತ್ತವಳು ಪಾಲಿಸುವ ಆ ನೇಮದಂತೆ ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟುವಂತಿರಲಿಲ್ಲ.

ಹಿತ್ತಲ ಕೋಣೆಯ ಕಿಟಕಿಯ ಹತ್ತಿರ ಅವಳ ಹೊಲಿಗೆ ಮಷೀನು ಇತ್ತು. ಬಟ್ಟೆ ತಂದುಕೊಡುವವರು ಸಂಕೋಚದಿಂದ ಬರುವುದನ್ನು ಬಿಟ್ಟಿದ್ದರು. ಹೀಗಾಗಿ ಮಷೀನಿನ ಮುಂದೆ ಸುಮ್ಮನೆ ಕೂಡುವುದೇ ಕೆಲಸವಾಗಿತ್ತು. ಮಳೆ ಹಿಡಿದ ಮೇಲೆ ಒಂದು ದಿನ ಕಿಟಕಿಯ ಚೌಕಟ್ಟಿನ ಮೂಲೆಗೆ ಸಪೂರ ನಡುವಿನ, ಕಂದು ಬಣ್ಣದ ಕಣಜವೊಂದು ಬಾಯಲ್ಲಿ ಹಸಿ ಮಣ್ಣಿನ ಉಂಡೆ ಹಿಡಿದುಕೊಂಡು ಬಂತು. ಮಣ್ಣನ್ನು ಗೋಡೆಗೆ ಮೆತ್ತಿತು. ಹೋಯಿತು. ಮತ್ತೆ ಬಂತು. ಸಂಜೆಯ ಹೊತ್ತಿಗೆ ಅಲ್ಲಿ ಕಡಲೆಕಾಯಿಯಷ್ಟು ದೊಡ್ಡ ಒಂದು ಮಡಕೆ ಎದ್ದಿತ್ತು. ಅದಕ್ಕೆ ಹೊರಕ್ಕೆ ಮಡಿಚಿದ ಕಂಠ ಬೇರೆ. ಮರುದಿನ ಅದೇ ಹುಳ ಹಸಿರು ಕಂಬಳಿಹುಳುಗಳನ್ನು ಒಂದೊಂದಾಗಿ ತಂದು ಆ ಮಡಕೆಯೊಳಗೆ ತುರುಕಿ ಬಾಯಿ ಮುಚ್ಚಿಬಿಟ್ಟಿತು. ಸೊಸೆ ಯಾಸ್ಮಿನ ಕಸಬರಿಗೆ ತಂದಳು. "ಬ್ಯಾಡ, ಇರ್ಲಿ ಬಿಡು," ಎಂದಳು ದಾವಲಬಿ. ಗಂಡ ಹೋದ ಮೇಲೆ ಅವಳು ಅಳದೆ ಕಳೆದ ಮೊದಲ ದಿನಗಳು ಅವು. ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ತಪ್ಪಾದೀತು ಎನ್ನಿಸಿತ್ತು.

ಇದ್ದತ್ ಮುಗಿದ ವಾರ ಮೊದಲು ಬಟ್ಟೆ ತಂದವರು ಸೂಸನ್ ಅಕ್ಕಾರು. ಓಣಿಯ ತುದಿಯ ಮಂಗಳೂರು ಹೆಂಚಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಮಿಷನ್ ಸಾಲಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ದಾವಲಬಿಯ ಮಗಳು ಫಿರದೋಸಳಿಗೂ ಕಲಿಸಿದವರು. ಕೊರಳಿಗೆ ದುರ್ಬೀನು ಹಾಕಿಕೊಂಡು ಮುಂಜಾನೆ ಗುಡ್ಡದ ಕಡೆ ಹೋಗುವ ಅವರನ್ನು ಓಣಿಯ ಮಂದಿ ಎಷ್ಟೋ ವರ್ಷದಿಂದ ನೋಡಿದ್ದರು. ಈಗ ಕೆಲವು ವಾರದಿಂದ ಮಾತ್ರ ಅವರು ಹೋಗುತ್ತಿರಲಿಲ್ಲ.

ಅಳತೆ ಕೊಡುತ್ತ ನಿಂತ ಅಕ್ಕಾರು ಕಿಟಕಿಯ ಕಡೆ ಕೈ ಮಾಡಿ, "ಅಲ್ಲೇನೋ ಕಂದು ಕಂಡಂಗಾತು, ಮಣ್ಣೇನು?" ಎಂದು ಕೇಳಿದರು. ದಾವಲಬಿ ಹೇಳಿದಳು. ಕಣಜ ಹೇಗೆ ಬಂತು, ಮಣ್ಣನ್ನು ಯಾವ ಕಾಲಿನಿಂದ ತಟ್ಟಿತು, ಕಂಬಳಿಹುಳ ಸತ್ತಿರದೆ ಮಂಪರಿನಲ್ಲಿದ್ದಂತೆ ಹೇಗೆ ಮಿಸುಕುತ್ತಿತ್ತು, ಕೆಲವು ವಾರ ಕಳೆದು ಮಡಕೆಯ ಪಕ್ಕಕ್ಕೆ ತೂತು ಮಾಡಿಕೊಂಡು ಹೊಸ ಕಣಜ ಹೇಗೆ ಹೊರಗೆ ಬಂತು, ಎಲ್ಲ. ಅಕ್ಕಾರು ಟೇಪು ಸುತ್ತಿಸಿಕೊಂಡೇ ಅಲುಗದೆ ಕೇಳಿದರು.

"ನೀ ಎಷ್ಟ್ ಛಲೋ ನೋಡೀಯಲ್ಲ ದಾವಲಬಿ," ಎಂದರು ಕೊನೆಗೆ. "ನನಗ ಒಂದು ಉಪಕಾರ ಮಾಡ್ತೀಯೇನು? ಮುಂಜಾನೆ ನನ್ನ ಸಂಗಾಟ ಗುಡ್ಡಕ್ಕ ಬರ್ತೀಯೇನು?"

ಆಗ ತಮ್ಮ ಕಣ್ಣಿನ ವಿಷಯ ಹೇಳಿದರು. ಎಡಗಣ್ಣಿನ ನಡುಭಾಗದ ನೋಟ ಹೋಗಿಬಿಟ್ಟಿತ್ತು. ಬಲಗಣ್ಣಿಗೂ ಶುರುವಾಗಿತ್ತು. ಅಂಚಿನಲ್ಲಿರುವುದೆಲ್ಲ ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಅಳಿಸಿಹೋಗುತ್ತದೆ. "ಹಕ್ಕಿ ಕೂತದ ಅಂತ ಗೊತ್ತಾಗತದ. ಯಾವ ಹಕ್ಕಿ ಅಂತ ನೋಡಾಕ ಹೋದ್ರ ಅದ ಇರಂಗಿಲ್ಲ," ಎಂದರು. ಹೋದ ತಿಂಗಳು ರಸ್ತೆ ದಾಟುವಾಗ ಎಡವಿ ಬಿದ್ದ ಮೇಲೆ ಒಬ್ಬರೇ ಹೋಗುವ ಧೈರ್ಯ ಹೋಗಿತ್ತು.

ಸುಫಿಯಾನನಿಗೆ ಇದು ಸರಿಬರಲಿಲ್ಲ. ಇದ್ದತ್ ಮುಗಿದು ಎರಡು ದಿನ ಆಗಿಲ್ಲ, ತಾಯಿ ಗುಡ್ಡ ಸುತ್ತುತ್ತಾಳೆ ಎಂದರೆ ಜನ ಏನಂದಾರು ಎಂದ. ಯಾಸ್ಮಿನ ರೊಟ್ಟಿ ಬೇಯಿಸುತ್ತಲೇ, "ಜನ ಬಂದು ಅಮ್ಮೀ ಸಂಗಾಟ ಕೂಡ್ತಾರೇನ್ರಿ? ಹೋಗಿ ಬರ್ಲಿ," ಎಂದಳು. ಮಾತು ಅಲ್ಲಿಗೇ ಮುಗಿಯಿತು.

ಹೀಗೆ ಉತ್ತರೆ ಮಳೆ ನಡೆದಿದ್ದಾಗ ಇಬ್ಬರೂ ಯುನಿವರ್ಸಿಟಿ ಗುಡ್ಡದ ಕಡೆ ನಡೆಯತೊಡಗಿದರು. ಒಂದು ಮುಂಜಾನೆ ಜಿಟಿಜಿಟಿ, ಇನ್ನೊಂದು ಮುಂಜಾನೆ ತೊಳೆದಿಟ್ಟಂಥ ಬಿಸಿಲು. ಗಣಪತಿ ಹಬ್ಬ ಮುಗಿದು ಓಣಿಯ ಮಂಟಪಗಳ ಬಿದಿರು ಬಿಚ್ಚುತ್ತಿದ್ದರು. ಗುಡ್ಡದ ಹುಲ್ಲು ಸೊಂಟದ ಮಟ್ಟ ಬೆಳೆದು ತೆನೆ ಬಿಟ್ಟಿತ್ತು. ಅದರ ಮೇಲೆಲ್ಲ ಜೇಡರ ಬಲೆ, ಬಲೆಯ ಮೇಲೆಲ್ಲ ಇಬ್ಬನಿ. ಅಕ್ಕಾರು ದಾವಲಬಿಯ ಮೊಳಕೈ ಹಿಡಿದು ನಡೆಯುತ್ತಿದ್ದರು. ದುರ್ಬೀನು ಈಗ ದಾವಲಬಿಯ ಕೊರಳಲ್ಲಿತ್ತು. ಬುರ್ಖಾದ ಮೇಲೆ ಅದು ತೂಗಾಡುವುದನ್ನು ಕಂಡು ಓಡಲು ಬಂದ ಕಾಲೇಜು ಹುಡುಗಿಯರು ತಿರುತಿರುಗಿ ನೋಡಿದರು.

ಮೊದಲ ದಿನ ದಾವಲಬಿ, "ಅಯ್ಯ, ಎಷ್ಟ್ ಚಂದ ಐತ್ರಿ ಹಕ್ಕಿ," ಎಂದಳು.

"ಚಂದ ಅಂದ್ರ ನನಗ ಏನೂ ಕಾಣಂಗಿಲ್ಲವಾ. ಯಾವ ಬಣ್ಣ, ಎಲ್ಲಿಂದ ಎಲ್ಲಿ ತನಕ, ಅದನ್ನ ಹೇಳು."

ದಾವಲಬಿಗೆ ಬಣ್ಣ ಮತ್ತು ಅಂಚಿನ ಮಾತು ಕಷ್ಟವಲ್ಲ. ದುರ್ಬೀನು ಕಣ್ಣಿಗೆ ಹೊಂದಿಸಿಕೊಂಡು ಹೇಳಿದಳು. "ಗುಬ್ಬಿಕಿಂತ ಸಣ್ಣದ್ರಿ. ಬೆನ್ನ ಮೆಹೆಂದಿ ಎಲಿ ಬಣ್ಣ. ಹೊಟ್ಟಿಗೆ ಮಾಸಿದ ಬಿಳಿ ಲೈನಿಂಗ್. ನೆತ್ತಿ ಮ್ಯಾಲ ಇಟ್ಟಂಗಿ ಬಣ್ಣದ ತ್ಯಾಪಿ ಹಚ್ಚಿದಂಗೈತಿ. ಬಾಲ ನೆಟ್ಟಗ ನಿಲ್ಲಿಸೈತಿ."

ಅಕ್ಕಾರ ಮುಖ ಅರಳಿತು. "ಅದು ನಿನ್ನ ಬಳಗ. ಸಿಂಪಿಗ ಹಕ್ಕಿ. ಎಲಿ ಹೊಲದು ಗೂಡು ಮಾಡತದ."

ಮುಂದೆ ಕೆಲವು ದಿನದಲ್ಲಿ ಪೊದೆಯೊಂದರಲ್ಲಿ ಆ ಹಕ್ಕಿ ಬಿಟ್ಟುಹೋದ ಹಳೆಯ ಗೂಡು ಸಿಕ್ಕಿತು. ದಾವಲಬಿ ಅದನ್ನು ಒಬ್ಬ ಸಿಂಪಿಗ ಇನ್ನೊಬ್ಬನ ಕೆಲಸ ನೋಡುವಂತೆ ಬಹಳ ಹೊತ್ತು ತಿರುವಿ ನೋಡಿದಳು. ಎಲೆಯ ಅಂಚಿನಲ್ಲಿ ತೂತು ಹಾಕಿ ಹತ್ತಿಯ ಎಳೆ ತೂರಿಸಿತ್ತು. ಗಂಟು ಹಾಕಿರಲಿಲ್ಲ. ಎಳೆಯ ತುದಿಯನ್ನು ಹಿಂಜಿ ಉಬ್ಬಿಸಿ ಬಿಟ್ಟಿತ್ತು, ಅದಕ್ಕೇ ಜಾರಿರಲಿಲ್ಲ. ಇದನ್ನು ಹೇಳಿದಾಗ ಅಕ್ಕಾರು ನಿಂತುಬಿಟ್ಟರು. ಇಷ್ಟು ವರ್ಷ ದುರ್ಬೀನಿನಲ್ಲಿ ದೂರದಿಂದ ನೋಡಿ ಮುಂದೆ ಹೋಗಿದ್ದರಂತೆ. ಗೂಡನ್ನು ಕೈಗೆ ಇಸಿದುಕೊಂಡು ಬೆರಳಿನಿಂದ ಆ ಹೊಲಿಗೆಯನ್ನು ಸವರಿ ನೋಡಿದರು.

ಅವಳು ಹೇಳುವುದು, ಅವರು ಹೆಸರು ಕೊಡುವುದು. ಅದರಲ್ಲಿ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಬಿಸಿಲೇರಿದಾಗ ಬಯಲಿನ ಮೇಲೆ ನೂರಾರು ಹೆಲಿಕಾಪ್ಟರ್ ಹುಳುಗಳು ಎದೆಮಟ್ಟದಲ್ಲಿ ಹಾರುತ್ತಿದ್ದವು. ಅವುಗಳಲ್ಲಿ ಕೆಲವು ಗಾಳಿ ಹಿಡಿದು ಸಮುದ್ರವನ್ನೇ ದಾಟುತ್ತವಂತೆ ಎಂದರು ಅಕ್ಕಾರು. ದಾವಲಬಿ ನಂಬಲಿಲ್ಲ. ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿಸಿದಳು, ಆಮೇಲೆ ನಂಬಿದಳು. ಮತ್ತೊಂದು ದಿನ ಕಪ್ಪು ಕಣಜವೊಂದು ತನಗಿಂತ ದೊಡ್ಡ ಮಿಡತೆಯನ್ನು ಮೀಸೆ ಹಿಡಿದು ದಾರಿಯುದ್ದಕ್ಕೂ ಎಳೆದುಕೊಂಡು ಹೋಗುವುದನ್ನು ಇಬ್ಬರೂ ಕಲ್ಲಿನ ಮೇಲೆ ಕೂತು ಕೊನೆಯ ತನಕ ನೋಡಿದರು. ನೋಡಿದ್ದು ಒಬ್ಬಳು. ಆದರೆ ಇಬ್ಬರೂ ನೋಡಿದೆವು ಎಂದೇ ಮನೆಯಲ್ಲಿ ಹೇಳಿದಳು.

ಗುಡ್ಡ ಇಳಿಯುವಲ್ಲಿ ರಸ್ತೆಯ ಕೆಳಗೆ ಸಣ್ಣ ಹಳ್ಳ ಹರಿಯುವ ಒಂದು ಮೋರಿ ಇತ್ತು. ಅಲ್ಲಿಗೆ ಬಂದಾಗೆಲ್ಲ ಅಕ್ಕಾರು ನಿಲ್ಲುತ್ತಿದ್ದರು. ಚಳಿಗಾಲ ಕಳೆಯಲು ಉತ್ತರದ ಬೆಟ್ಟಗಳಿಂದ ಬರುವ ಹಕ್ಕಿಗಳಲ್ಲಿ ಈ ಕಡೆ ಮೊದಲು ಮುಟ್ಟುವುದು ಸಿಪಿಲೆ. ಬೂದು ಬೆನ್ನು, ಹಳದಿ ಹೊಟ್ಟೆ, ಮೇಲೆ ಕೆಳಗೆ ಕುಣಿಯುವ ಉದ್ದ ಬಾಲ. ಪ್ರತಿ ವರ್ಷ ಈ ಮೋರಿಯ ಕಲ್ಲಿನ ಮೇಲೇ ಅವರು ಅದನ್ನು ಮೊದಲು ಕಂಡಿದ್ದರು. "ಅದು ಬಂತು ಅಂದ್ರ ವರ್ಷ ಮಗ್ಗಲಾ ಬದಲಿಸಿತು ಅಂತ ನನಗ," ಎಂದರು.

ಈ ವರ್ಷ ಅದು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅಕ್ಕಾರ ಬಲಗಣ್ಣು ಒಮ್ಮೆಲೇ ಮಸುಕಾಯಿತು. ದವಾಖಾನೆಯಲ್ಲಿ ಕಣ್ಣೊಳಗೆ ಇಂಜೆಕ್ಷನ್ ಕೊಟ್ಟು, ಕೆಲವು ದಿನ ಮನೆ ಬಿಟ್ಟು ಹೋಗಬೇಡಿ ಎಂದರು. ಇದ್ದದ್ದು ಉಳಿದರೆ ಪುಣ್ಯ, ಹೋದದ್ದು ಬರುತ್ತದೆ ಎಂದು ಹೇಳಲಾಗದು ಎಂದೂ ಅಂದರು. ದಾವಲಬಿ ಒಬ್ಬಳೇ ಗುಡ್ಡಕ್ಕೆ ಹೋಗಿ, ಹೊಳ್ಳುವಾಗ ಅಕ್ಕಾರ ಮನೆಗೆ ಬಂದು ಕಂಡದ್ದನ್ನು ಹೇಳುತ್ತಿದ್ದಳು. ಪರದೆ ಇಳಿಬಿಟ್ಟ ಕೋಣೆಯಲ್ಲಿ ಅಕ್ಕಾರು ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. ತಂಗಿ ಫೇಬಿ ಹುಬ್ಬಳ್ಳಿಯಿಂದ ದಿನಾ ಫೋನು ಮಾಡಿ, ಮನೆ ಬಿಟ್ಟು ನಮ್ಮಲ್ಲಿಗೆ ಬಂದುಬಿಡು ಎನ್ನುತ್ತಿದ್ದಳು.

"ಸಿಪಿಲಿ ಬಂತೇನು?" ಅಕ್ಕಾರು ಒಂದು ದಿನ ಎಂದಿನಂತೆ ಕೇಳಿದರು. ದಾವಲಬಿ ಉತ್ತರ ಹೇಳುವ ಮೊದಲೇ, "ಹೋಗಲಿ ಬಿಡು. ಬಂದ್ರೇನು, ಬಿಟ್ರೇನು," ಎಂದರು.

ಆ ದನಿ ಕೇಳಿ ದಾವಲಬಿಗೆ ದಿಗಿಲಾಯಿತು. ನಾಲಗೆ ತಾನೇ ಹೊರಳಿತು. "ಬಂತ್ರಿ ಅಕ್ಕಾರ. ಇವತ್ತ ಬಂದೈತಿ."

ಅಕ್ಕಾರು ನೆಟ್ಟಗಾದರು. ಎಲ್ಲಿ ಕೂತಿತ್ತು, ಏನು ಮಾಡುತ್ತಿತ್ತು ಎಂದು ಕೇಳಿದರು. ದಾವಲಬಿ ಅವರಿಂದಲೇ ಕೇಳಿದ್ದನ್ನು ಅವರಿಗೇ ಹೊಳ್ಳಿಸಿ ಹೇಳಿದಳು. ಮೋರಿಯ ಕಲ್ಲು, ಬೂದು, ಹಳದಿ, ಬಾಲ.

"ಗಂಟಲು ಬೆಳ್ಳಗಿತ್ತೋ, ಕರ್ರಗಿತ್ತೋ?"

ಇದನ್ನು ಅವರು ಹೇಳಿರಲಿಲ್ಲ. "ಕರ್ರಗ್ರಿ," ಎಂದಳು ದಾವಲಬಿ.

"ಈ ದಿನದಾಗ ಕರೀ ಗಂಟಲಾ? ಇಲ್ಲಿಗೆ ಬರೂದ್ರಾಗ ಬೆಳ್ಳಗಾಗಿರತದ. ಭಾಳ ಅಪರೂಪ ಅದು." ಅಕ್ಕಾರು ಕೈ ಚಾಚಿ ಫೋನು ಹುಡುಕಿದರು. ಜೊತೆಗೆ ಕೆಲಸ ಮಾಡಿದ್ದ ಸತ್ಯವಂತ ಮಾಸ್ತರರಿಗೆ ಹಚ್ಚಿಕೊಡು ಎಂದರು. ಅವರೂ ಕ್ಯಾಮೆರಾ ಹಿಡಿದು ಗುಡ್ಡ ಸುತ್ತುವವರು. ಮಾಸ್ತರರು ಮರುದಿನ, ಅದರ ಮರುದಿನ ಮೋರಿಯ ಹತ್ತಿರ ಕಾದು ಏನೂ ಕಾಣಲಿಲ್ಲವೆಂದು ಫೋನು ಮಾಡಿದರು. ಹೊಸಬರಿಗೆ ಬೇರೆ ಹಕ್ಕಿ ಹಾಗೆ ಕಂಡಿರಬಹುದು ಎಂದೂ ಅಂದರು. ಅಕ್ಕಾರು ದಾವಲಬಿಯ ಎದುರಿಗೇ ಗಟ್ಟಿಯಾಗಿ ಹೇಳಿದರು, "ಸತ್ಯವಂತ, ಆಕೀ ಕಣ್ಣು ತಪ್ಪಂಗಿಲ್ಲ. ನೀ ತಡಾ ಮಾಡಿ ಹೋಗಿರಬೇಕು."

ದಾವಲಬಿಗೆ ಆ ದಿನ ಊಟ ಸೇರಲಿಲ್ಲ.

ಹಸ್ತ ಮಳೆ ಹಿಡಿದ ಮೇಲೆ ಒಂದು ಮುಂಜಾನೆ ಅವಳು ಮೋರಿಯ ಹತ್ತಿರ ಬಂದಾಗ, ನೀರಿನ ಅಂಚಿನಲ್ಲಿ ಸಣ್ಣಗೆ ಎರಡು ಸಲ ಚಿಟ್ ಚಿಟ್ ಎಂದ ಸಪ್ಪಳವಾಯಿತು. ಕಲ್ಲಿನ ಮೇಲೆ ಅಲ್ಲ, ಕೆಳಗೆ ಕೆಸರಿನಲ್ಲಿ ಪ್ಲಾಸ್ಟಿಕ್ ಚೀಲವೊಂದರ ಪಕ್ಕ ಅದು ನಡೆಯುತ್ತಿತ್ತು. ಅವಳು ಹೇಳಿದಂತೆ ಇರಲಿಲ್ಲ. ಹಳದಿ ಹೊಟ್ಟೆಯ ತುಂಬ ಇರದೆ ಬಾಲದ ಬುಡಕ್ಕೆ ಬಂದಾಗ ದಟ್ಟವಾಗಿ, ಎದೆಯ ಕಡೆ ತಿಳಿಯಾಗಿ ಮಾಸಿಹೋಗಿತ್ತು. ಕಣ್ಣಿನ ಮೇಲೆ ಸೂಜಿಯಿಂದ ಗೆರೆ ಎಳೆದಂಥ ಬಿಳಿ ಹುಬ್ಬು. ಬಾಲ ಕುಣಿದಾಗ ಮೈಯ ಹಿಂಭಾಗವೆಲ್ಲ ಕುಣಿಯುತ್ತಿತ್ತು. ಗಂಟಲು ಬೆಳ್ಳಗಿತ್ತು.

ಅವಳು ಅದು ಹಾರಿಹೋಗುವ ತನಕ ನಿಂತು ನೋಡಿದಳು. ಈಗ ಇದನ್ನು ಎರಡನೆಯ ಹಕ್ಕಿ ಎಂದು ಹೇಳಿಬಿಟ್ಟರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಾಳಮಡ್ಡಿ ಮುಟ್ಟುವ ತನಕ ಹಾಗೆಯೇ ಹೇಳುವುದೆಂದು ನಡೆದಳು. ಅಕ್ಕಾರ ಮನೆಯ ಕಟ್ಟೆ ಹತ್ತಿದ ಮೇಲೆ ಆಗಲಿಲ್ಲ.

"ಸಿಪಿಲಿ ಕಂಡಿತ್ರಿ," ಎಂದಳು. "ಇವತ್ತ ಮೊದಲ ಸಲ. ಆವತ್ತ ಹೇಳಿದ್ದು ಕಂಡಿರಲಿಲ್ರಿ."

ಅಕ್ಕಾರು ಮುಖವನ್ನು ಅವಳ ಕಡೆ ತಿರುಗಿಸಿದರು. "ಯಾಕ ಹೇಳಿದಿ?"

"ನೀವು ಹೋಗಲಿ ಬಿಡು ಅಂದ್ರಿ. ಅದನ್ನ ಕೇಳಾಕ ಆಗಲಿಲ್ರಿ."

"ನೀ ಈಗ ಮನಿಗೆ ಹೋಗು ದಾವಲಬಿ. ನಾಳೆ ಬರಬ್ಯಾಡ."

ಅವಳು ದುರ್ಬೀನನ್ನು ಮೇಜಿನ ಮೇಲೆ ಇಟ್ಟು ಬಂದಳು. ಗುಡ್ಡಕ್ಕೆ ಹೋಗುವುದನ್ನೂ ಬಿಟ್ಟಳು. ಏನಾಯಿತೆಂದು ಯಾಸ್ಮಿನ ಕೇಳಿದರೆ ಬ್ಲೌಸುಗಳು ಬಹಳ ಬಂದಿವೆ ಎಂದಳು. ಮಷೀನು ತುಳಿಯುತ್ತ ಕೂತಾಗ ಮಾತ್ರ ಮನಸ್ಸು ಬೇರೆ ಕಡೆ ಹೋಗುತ್ತಿತ್ತು. ಮೆಹಬೂಬ ತೀರಿಕೊಂಡ ವಾರ ಬಂದವರೆಲ್ಲ ಅವಳಿಗೆ ಒಂದೇ ಮಾತು ಹೇಳಿದ್ದರು. ಅವನಿಗೆ ಏನೂ ತ್ರಾಸಾಗಲಿಲ್ಲ, ನಿದ್ದೆ ಹೋದಂತೆ ಹೋದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆ ಮಾತು ಕೇಳಿದಾಗೆಲ್ಲ ಅವಳಿಗೆ ತನಗೂ ಗಂಡನಿಗೂ ನಡುವೆ ಯಾರೋ ಬಾಗಿಲು ಮುಚ್ಚಿದಂತಾಗುತ್ತಿತ್ತು. ಕಡೆಗೆ, ಆ ಮಧ್ಯಾಹ್ನ ಅಂಗಡಿಯಲ್ಲೇ ಇದ್ದ ಸುಫಿಯಾನನನ್ನು ಕೂಡಿಸಿಕೊಂಡು, ಖರೇ ಹೇಳು ಎಂದಿದ್ದಳು. ಅವನು ಅಳುತ್ತ ಹೇಳಿದ. ಅಪ್ಪ ಬಹಳ ಒದ್ದಾಡಿದ, ನೀರು ಕೇಳಿದ, ಕುಡಿಯಲಾಗಲಿಲ್ಲ, ನಿನ್ನ ಹೆಸರು ಹಿಡಿದು ಕರೆದ. ಅದನ್ನು ಕೇಳಿದ ದಿನ ಅವಳ ಎದೆ ಒಡೆಯಿತು. ಆದರೆ ಗಂಡ ಅವಳಿಗೆ ಸಿಕ್ಕಿದ. ಹೇಗೆ ಹೋದನೋ ಹಾಗೆ ಸಿಕ್ಕಿದ.

ಹೊಲಿದ ಬ್ಲೌಸು ಕೊಡುವ ನೆಪ ಮಾಡಿಕೊಂಡು ಅವಳು ಅಕ್ಕಾರ ಮನೆಗೆ ಹೋದಳು. ಕ್ಷಮಿಸಿ ಎನ್ನಲಿಲ್ಲ. ಕೂತು ಈ ಸಂಗತಿಯನ್ನು, ಯಾರ ಮುಂದೆಯೂ ಹೇಳದಿದ್ದುದನ್ನು, ಮೊದಲಿಂದ ಹೇಳಿದಳು. "ಆ ಮಂದಿ ನನಗ ಮಾಡಿದ್ದನ್ನ ನಾ ನಿಮಗ ಮಾಡಿದ್ನಿರಿ," ಎಂದಳು. "ಮಾಡುವಾಗ ಗೊತ್ತಾಗಲಿಲ್ಲ."

ಅಕ್ಕಾರು ಬ್ಲೌಸಿನ ಮಡಿಕೆಯನ್ನು ಬೆರಳಿನಿಂದ ನೀವುತ್ತ ಕೂತಿದ್ದರು. "ಕಾಣಂಗಿಲ್ಲ ಅನ್ನೋದನ್ನ ನಾ ತಡಕೋತೀನಿ," ಎಂದರು. "ದೇವರು ಕಲಸಾಕತ್ತಾನ, ಕಲೀತೀನಿ. ಆದ್ರ ನೀ ಇಲ್ಲದ್ದು ಹೇಳಿದ್ರ, ಇರೋದೂ ನನ್ನ ಕೈ ಬಿಟ್ಟು ಹೋಗತದ. ಆ ಸಿಂಪಿಗ, ಆ ಮಿಡತಿ, ಎಲ್ಲಾ ಖರೇ ಇತ್ತೋ ಇಲ್ಲೋ ಅಂತ ಈ ಎರಡ್ಮೂರು ದಿನಾ ಕುಂತು ಎಣಸೀನಿ."

"ಅವೆಲ್ಲಾ ಇದ್ವುರಿ."

"ಹೂಂ. ಗೂಡು ನನ್ನ ಕೈಯಾಗ ಹಿಡದಿದ್ನಲ್ಲ." ಬ್ಲೌಸನ್ನು ಬದಿಗಿಟ್ಟು ಅಂದರು, "ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅನ್ನು. ನನಗ ಅಷ್ಟ ಸಾಕು. ಸತ್ಯವಂತನಿಗೆ ನಾನ ಫೋನ್ ಮಾಡ್ತೀನಿ."

ದವಾಖಾನೆಯವರು ಒಪ್ಪಿದ ಮೇಲೆ ಇಬ್ಬರೂ ಮತ್ತೆ ಹೊರಟರು. ಮೊದಲ ಎರಡು ಮುಂಜಾನೆ ಮೋರಿಯ ಹತ್ತಿರ ನಿಂತು ದಾವಲಬಿ "ಏನೂ ಇಲ್ರಿ" ಎಂದಳು. ಅಕ್ಕಾರು "ಛಲೋ" ಎಂದು ಮುಂದೆ ನಡೆದರು. ಮೂರನೆಯ ಮುಂಜಾನೆ ಅವಳು ಅವರ ಮೊಳಕೈ ಒತ್ತಿ, "ಐತ್ರಿ. ನೀರಿನ ಬಲಕ್ಕ, ಕರೀ ಕಲ್ಲಿನ ಮುಂದ," ಎಂದಳು.

ಅಕ್ಕಾರು ಹಕ್ಕಿಯ ಕಡೆ ನೋಡಲಿಲ್ಲ. ಬೇಕೆಂದೇ ಮುಖವನ್ನು ಎಡಕ್ಕೆ, ಗಿಡಗಳ ಕಡೆ ತಿರುಗಿಸಿಕೊಂಡು ನಿಂತರು. ಹಕ್ಕಿ ಕಣ್ಣಿನ ಅಂಚಿಗೆ ಬರಲಿ ಎಂದು ಕಾದರು.

"ಕುಣ್ಯಾಕತ್ತದ," ಎಂದರು ಅಕ್ಕಾರು ಮೆಲ್ಲಗೆ. "ಬಣ್ಣಾ ಕಾಣವಲ್ದು. ಕುಣಿಯೂದು ಕಾಣಾಕತ್ತದ."

ಅವರ ಕೆನ್ನೆಯ ಮೇಲೆ ನೀರು ಇಳಿಯಿತು. ದಾವಲಬಿ ಅದನ್ನು ಒರೆಸಲು ಹೋಗಲಿಲ್ಲ, ಬಣ್ಣವನ್ನೂ ಹೇಳಲಿಲ್ಲ. ಅವರೇ ಕೇಳಿದ ಮೇಲೆ ಹೇಳಿದಳು.

ಅಕ್ಕಾರು ಹುಬ್ಬಳ್ಳಿಗೆ ಹೋಗಲಿಲ್ಲ. ನೋಟ ಇದ್ದಷ್ಟಕ್ಕೇ ನಿಂತಿತ್ತು, ಎಷ್ಟು ದಿನವೋ ತಿಳಿಯದು. ದಸರೆ ಮುಗಿದು ಗಾಳಿ ಒಣಗತೊಡಗಿದಾಗ ಒಂದು ಮುಂಜಾನೆ ಯಾಸ್ಮಿನಳೂ ಅವರ ಜೊತೆ ಬಂದಳು. ಎಕ್ಕೆಯ ಗಿಡದ ಮೇಲೆ ಅವಳಿಗೆ ಒಂದು ಹುಳ ಕಂಡಿತು. ದಾವಲಬಿ ಬಾಗಿ ಅದನ್ನು ಹೇಳಿದಳು. ಗೋದಿಕಾಳಿನಷ್ಟು ಉದ್ದ, ಹಿಂದೆ ಚೂಪು, ಬೆನ್ನಿಗೆ ಮುತ್ತಿನ ಚಿಪ್ಪಿನಂಥ ಹೊಳಪು, ತಿರುಗಿದರೆ ಹಸಿರು, ಹೊಳ್ಳಿದರೆ ತಾಮ್ರ, ಕಾಲಿಗೆ ಮಾತ್ರ ಬಿಳಿ ಪಟ್ಟಿ. ಅಕ್ಕಾರು ಮೀಸೆ ಎಷ್ಟು ಉದ್ದ ಎಂದು ಕೇಳಿದರು, ರೆಕ್ಕೆ ಹೇಗೆ ಮಡಿಚಿದೆ ಎಂದು ಕೇಳಿದರು. ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ಗೊತ್ತಿಲ್ಲವಾ. ಇದು ಯಾವುದಂತ ನನಗ ಖರೇನ ಗೊತ್ತಿಲ್ಲ."

"ಹಂಗಾರ ಹೆಸರಿಲ್ಲೇನ್ರಿ ಇದಕ್ಕ?" ಯಾಸ್ಮಿನ ಕೇಳಿದಳು.

"ಇರತದ. ಯಾರಿಗಾದ್ರೂ ಗೊತ್ತಿರತದ."

ಮೂವರೂ ಎಕ್ಕೆಯ ಗಿಡದ ಸುತ್ತ ನಿಂತರು. ಹುಳ ಎಲೆಯ ಅಂಚಿನ ತನಕ ನಡೆದು, ಕೆಳಗೆ ಇಳಿದು, ಎಲೆಯ ಅಡಿಯಿಂದ ಇನ್ನೊಂದು ಕಡೆ ಬಂತು. ಅದು ಏನು ಮಾಡುತ್ತಿದೆ ಎಂದು ದಾವಲಬಿ ಹೇಳುತ್ತ ಹೋದಳು. ಅಂಗಡಿಗೆ ಹೊರಡುವ ಹೊತ್ತಾಯಿತು, ಡಬ್ಬಿ ಎಲ್ಲಿ ಎಂದು ಸುಫಿಯಾನನ ಫೋನು ಬಂತು. ಯಾಸ್ಮಿನ ಅದನ್ನು ಸುಮ್ಮನಾಗಿಸಿ, ಬಾಗಿ ಎಲೆಯ ಅಡಿಗೆ ನೋಡಿದಳು.